ಹಿತ್ತಲಿಗೆ ಆಪ್ಟಾಸ್ ಬ್ಲೂ ರೆಡ್‌ವುಡ್: ನೆಡುವ ಮುನ್ನ

ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆ ಮನೆ ಕೊಂಡ ಕನ್ನಡಿಗರು ಬೇಗ ಬೆಳೆದು ವರ್ಷವಿಡೀ ಹಸಿರಾಗಿ ನಿಲ್ಲುವ ಮರ ಬೇಕೆಂದರೆ, ನರ್ಸರಿಯವರು ತೋರಿಸುವ ಗಿಡಗಳಲ್ಲಿ 'ಆಪ್ಟಾಸ್ ಬ್ಲೂ' ಒಂದು. ಕ್ಯಾಲಿಫೋರ್ನಿಯಾ ಕರಾವಳಿಯ ರೆಡ್‌ವುಡ್ ತಳಿಯಿದು. ಸಾಂತಾ ಕ್ರೂಜ್ ಕೌಂಟಿಯ ಆಪ್ಟಾಸ್ ಊರಿನ ಹೆಸರನ್ನೇ ಹೊತ್ತಿದೆ. ನೀರು, ಮಣ್ಣು ಒಗ್ಗಿದರೆ ವರ್ಷಕ್ಕೆ 3 ಅಡಿ ಏರುವುದು ಇದಕ್ಕೆ ಸಲೀಸು.

ಬೀಜದಿಂದ ಹುಟ್ಟಿದ ರೆಡ್‌ವುಡ್‌ಗಳಲ್ಲಿ ಒಂದರ ಬಣ್ಣ, ಬೆಳವಣಿಗೆ ಇನ್ನೊಂದಕ್ಕಿರುವುದಿಲ್ಲ. ಆಪ್ಟಾಸ್ ಬ್ಲೂ ಸಸಿಗಳನ್ನು ಕಡ್ಡಿ ಬೇರೂರಿಸಿ ಮಾಡುವುದರಿಂದ ಸಾಲಿಗೆ ಸಾಲೇ ಒಂದೇ ನೀಲಿಹಸಿರು. ಎಲೆಗಳು ಕಡ್ಡಿಯ ಎರಡೂ ಬದಿಗೆ ಬಾಚಣಿಗೆ ಹಲ್ಲಿನಂತೆ ಚಪ್ಪಟೆಯಾಗಿ ಹರಡಿರುತ್ತವೆ. ಮಗುಚಿದರೆ ಬಿಳಿಯ ಪಟ್ಟೆಗಳು ಕಾಣುತ್ತವೆ. ಕೊಳ್ಳುವಾಗ ಸುಳಿಯನ್ನು ನೋಡಲೇಬೇಕು. ಪಕ್ಕದ ಟೊಂಗೆಯಿಂದ ತೆಗೆದ ಕಡ್ಡಿ ಮೇಲಕ್ಕೇಳದೆ ಓರೆಯಾಗಿ ಹರಡುವುದುಂಟು. ನೆಟ್ಟಗಿನ ಒಂದೇ ಸುಳಿಯಿರುವ ಗಿಡವನ್ನೇ ಆರಿಸಿ.

ಈ ಮರದ ಜೀವ ಇರುವುದು ನೀರಿನಲ್ಲಿ. ಕ್ಯಾಲಿಫೋರ್ನಿಯಾದ ಈ ಭಾಗದಲ್ಲಿ ಮಳೆ ಬರುವುದು ಚಳಿಗಾಲಕ್ಕೆ, ಬೇಸಿಗೆ ಪೂರ್ತಿ ಒಣ. ತವರಿನ ಕಾಡಿನಲ್ಲಿ ಆ ಕೊರತೆಯನ್ನು ಕಡಲಿನ ಮಂಜು ತುಂಬುತ್ತದೆ: ಎಲೆಗೆ ತಾಕಿದ ಮಂಜು ಹನಿಯಾಗಿ ಬುಡಕ್ಕಿಳಿಯುತ್ತದೆ, ಒಂದಷ್ಟನ್ನು ಎಲೆಯೇ ಹೀರಿಕೊಳ್ಳುತ್ತದೆ. ಒಳನಾಡಿನ ಹಿತ್ತಲಿಗೆ ಆ ಭಾಗ್ಯವಿಲ್ಲ. ಬೇಸಿಗೆಯುದ್ದಕ್ಕೂ ನಾವೇ ಉಣಿಸಬೇಕು. ತಾಯಿಬೇರು ಆಳಕ್ಕಿಳಿಯುವ ಮರವಲ್ಲ ಇದು. ಬೇರುಗಳು ಮೇಲ್ಮಣ್ಣಿನಲ್ಲೇ ಕೊಂಬೆಗಳ ನೆರಳನ್ನೂ ಮೀರಿ ಹಬ್ಬುತ್ತವೆ. ಆದ್ದರಿಂದ ಮರ ದೊಡ್ಡದಾದಂತೆ ಹನಿ ನೀರಾವರಿಯ ಪೈಪನ್ನು ಕಾಂಡದಿಂದ ಹೊರಕ್ಕೆ ಸರಿಸುತ್ತ ಹೋಗಬೇಕು. ಕಾಂಡದ ಬುಡಕ್ಕಷ್ಟೇ ಸುರಿದ ನೀರು ಹೆಚ್ಚಿನ ಬೇರುಗಳಿಗೆ ದಕ್ಕುವುದಿಲ್ಲ. ಉದುರಿದ ತರಗನ್ನು ದಯವಿಟ್ಟು ಗುಡಿಸಬೇಡಿ, ತೇವ ಹಿಡಿದಿಡುವ ಹೊದಿಕೆ ಅದೇ.

ಬೇಸಿಗೆ ಮುಗಿಯುವಾಗ ಒಳಗಿನ ಹಳೆಯ ಎಲೆ ಕಂದಾಗಿ ಉದುರುವುದು ಸಹಜ. ತುದಿಗಳೇ ಕಂದಾದರೆ ಮಾತ್ರ ನೀರಿನ ಕೊರತೆಯೋ ಉಪ್ಪೋ ಇದೆಯೆಂದು ತಿಳಿಯಿರಿ. ಉಪ್ಪಿನಂಶ ಹೆಚ್ಚಿರುವ ಮರುಬಳಕೆ ನೀರು ಇದಕ್ಕಾಗದು. ಎಲೆಯೆಲ್ಲ ಹಳದಿಗೆ ತಿರುಗಿದರೆ, ಕ್ಷಾರ ಮಣ್ಣಿನಲ್ಲಿ ಕಬ್ಬಿಣ ಸಿಗದಿರುವುದು ಕಾರಣವಿರಬಹುದು.

ಜಾಗದ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಮಾತು: ಇಕ್ಕಟ್ಟಾದ ಬೇಲಿಯಂಚಿಗೆ ಇದು ಬೇಡ. ಕಾಡಿನಲ್ಲಿ 100 ಮೀಟರ್ ದಾಟುವ ವಂಶ. ಹಿತ್ತಲಲ್ಲೂ 70 ಅಡಿಗೇರಿ, 25 ಅಡಿ ಅಗಲಕ್ಕೆ ಚಾಚುತ್ತದೆ. ಎತ್ತರವಾಯಿತೆಂದು ತಲೆ ಕತ್ತರಿಸಿದರೆ ಹಲವು ಸುಳಿ ಎದ್ದು ಮರದ ಅಂದವೂ ಬಲವೂ ಕೆಡುತ್ತವೆ. ಬುಡಕ್ಕೇ ಕಡಿದರೂ ಸುತ್ತ ಹೊಸ ಚಿಗುರು ಏಳುತ್ತದೆ. ಅಷ್ಟು ದೊಡ್ಡ ಮರ ಕಡಿಯಲು ಅಲ್ಲಿನ ಹಲವು ಊರುಗಳಲ್ಲಿ ನಗರಾಡಳಿತದ ಅನುಮತಿಯೂ ಬೇಕು.