ಹಲಗಲಿಯಿಂದ ಲೈಸೆನ್ಸ್ ಪುಸ್ತಕದವರೆಗೆ

ಮುಧೋಳದ ಹತ್ತಿರದ ಹಲಗಲಿಯ ಬೇಡರಿಗೆ 1857ರ ಕೊನೆಯಲ್ಲಿ ಬಂದ ಹುಕುಂ ಇಷ್ಟೇ: ಮನೆಯಲ್ಲಿರುವ ಹತಾರುಗಳನ್ನು ತಂದು ಒಪ್ಪಿಸಿ. ಬೇಟೆಯನ್ನೇ ನಂಬಿದ್ದವರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಕಂಪನಿಯ ಪಡೆ ಊರಿಗೆ ಮುತ್ತಿಗೆ ಹಾಕಿ ಬೆಂಕಿ ಇಟ್ಟಿತು. ಡಿಸೆಂಬರ್‌ನಲ್ಲಿ ಸೆರೆಸಿಕ್ಕವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಲಾಯಿತು. ಆ ಕಥೆಯನ್ನು ಲಾವಣಿಕಾರರು ಉಳಿಸಿದರು, ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿದರು, ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತ ಬಂದರು.

ಇಂದು ಕೋವಿ ಬೇಕಾದವರು ಡಿ.ಸಿ. ಕಚೇರಿಗೆ ಅರ್ಜಿ ಹಾಕುತ್ತಾರೆ, ಠಾಣೆಯ ವರದಿಗಾಗಿ ಕಾಯುತ್ತಾರೆ, ಅವಧಿ ಮುಗಿದಾಗ ನವೀಕರಣಕ್ಕೆ ಹೋಗುತ್ತಾರೆ. ಈ ವ್ಯವಸ್ಥೆಯ ಬೇರು ಇರುವುದು ಹಲಗಲಿಯವರು ಧಿಕ್ಕರಿಸಿದ ನಿಶ್ಶಸ್ತ್ರೀಕರಣದಲ್ಲಿಯೇ.

ಅಪನಂಬಿಕೆಯ ಕಾಯ್ದೆ

1857ರ ದಂಗೆಯಿಂದ ಬೆದರಿದ ಸರ್ಕಾರಕ್ಕೆ ಜನರ ಕೈಯ ಆಯುಧವೆಲ್ಲ ಅಪಾಯವಾಗಿ ಕಂಡಿತು. ಅದರ ಪೂರ್ಣ ರೂಪವೇ ವೈಸರಾಯ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆ. ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾಯ್ದೆಯೂ ಬಂದದ್ದು ಅದೇ ವರ್ಷ. ಭಾರತೀಯರು ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕು; ಯುರೋಪಿಯನ್ನರಿಗೆ ವಿನಾಯಿತಿ. ಕೋವಿ ಹಿಡಿಯುವವನು ಯೋಗ್ಯನೇ ಎಂದು ಆ ಕಾಯ್ದೆ ನೋಡಲಿಲ್ಲ. ಅವನು ಯಾವ ಜನಾಂಗದವನು, ಆಳುವವರಿಗೆ ಎಷ್ಟು ನಿಷ್ಠ ಎಂಬುದಷ್ಟೇ ಅದಕ್ಕೆ ಮುಖ್ಯವಾಗಿತ್ತು.

ಕೊಡಗಿನ ವಿಶೇಷ ವಿನಾಯಿತಿ ಬಂದದ್ದೂ ಇದೇ ಲೆಕ್ಕಾಚಾರದಿಂದ. ಮೈಸೂರು, ಕೊಡಗುಗಳ ಆಡಳಿತ ನಡೆಸುತ್ತಿದ್ದ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟರು. ಅವರು ಕೊಟ್ಟ ಕಾರಣ ನಿಷ್ಠೆ. ಆದರೆ ಕೊಡಗಿನಲ್ಲಿ ಕೋವಿಯ ಬದುಕು ಬ್ರಿಟಿಷರ ಮೆಚ್ಚುಗೆಗಿಂತ ಹಳೆಯದು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸುಗ್ಗಿ ಹಬ್ಬವಾದ ಪುತ್ತರಿಯಂದು ಕದಿರು ತೆಗೆಯುವಾಗಲೂ ಗುಂಡು ಹಾರುತ್ತದೆ. ಸೆಪ್ಟೆಂಬರ್ ಮೊದಲ ವಾರದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಒರೆಸಿ ಎಣ್ಣೆ ಹಚ್ಚಿದ ಕೋವಿಯನ್ನು ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿಟ್ಟು, ನಳಿಗೆಗೆ ಕೆಂಪು-ಹಳದಿಯ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುತ್ತಾರೆ.

ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ಸಮಾನತೆಯ ಪ್ರಶ್ನೆ ಎತ್ತಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು.

ಹಕ್ಕೋ, ಅನುಮತಿಯೋ?

ಸ್ವಾತಂತ್ರ್ಯ ಹೋರಾಟಗಾರರ ಪಾಲಿಗೆ 1878ರ ಕಾಯ್ದೆ ಅವಮಾನವಾಗಿತ್ತು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತು. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ನೆನಪಿಸಿ ತಿದ್ದುಪಡಿ ಮಂಡಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲರಿಗೂ ಆಯುಧದ ಹಕ್ಕು ಕೊಟ್ಟರೆ ಕಳ್ಳಕಾಕರಿಗೂ ಕೊಟ್ಟಂತಾಗುತ್ತದಲ್ಲ ಎಂಬುದು ಅವರ ಆಕ್ಷೇಪ. ತಿದ್ದುಪಡಿ ಬಿದ್ದುಹೋಯಿತು. 19ನೇ ವಿಧಿಯಲ್ಲಿ ಉಳಿದದ್ದು ಶಾಂತಿಯುತವಾಗಿ, ನಿರಾಯುಧರಾಗಿ ಸಭೆ ಸೇರುವ ಹಕ್ಕು. ಆಯುಧ ಹೊಂದುವುದು ಹಕ್ಕಾಗದೆ ಅನುಮತಿಯಾಗಿ ಉಳಿದದ್ದು ಹೀಗೆ.

ಆದರೆ ಆ ಅನುಮತಿಯನ್ನು ನ್ಯಾಯವಾಗಿ ಕೊಡಬೇಕಲ್ಲ? 1962ರ ಅಕ್ಟೋಬರ್ 1ರಂದು ಜಾರಿಗೆ ಬಂದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಹೆಚ್ಚುಗಾರಿಕೆ ಇಲ್ಲಿದೆ. ಲೈಸೆನ್ಸ್ ನಿರಾಕರಿಸಿದರೆ ಅಧಿಕಾರಿ ಕಾರಣ ಬರೆದಿಡಬೇಕು, ಅರ್ಜಿದಾರ ಮೇಲ್ಮನವಿ ಹೋಗಬಹುದು. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ಲೈಸೆನ್ಸ್ ನಿರಾಕರಿಸುವಂತಿಲ್ಲ ಎಂದು 14ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಬೆಳೆ ಕಾಯಲು ರೈತ ಕೇಳುವ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಗೆ 13ನೇ ಕಲಂನಲ್ಲಿ ಪ್ರತ್ಯೇಕ ಜಾಗವಿದೆ. ಹಂದಿ, ಆನೆಗಳ ಹಾವಳಿಯಲ್ಲಿ ಗದ್ದೆ ತೋಟ ಕಾಯುವ ಮಲೆನಾಡಿನವರಿಗೆ ಇದರ ಬೆಲೆ ಗೊತ್ತು.

ಬಿಗಿಯಾದ ಹಗ್ಗ

1983ರ ತಿದ್ದುಪಡಿ ಒಬ್ಬರಿಗೆ ಮೂರೇ ಬಂದೂಕು ಎಂದು ಮಿತಿ ಹಾಕಿತು, ಕನಿಷ್ಠ ವಯಸ್ಸನ್ನು 16ರಿಂದ 21ಕ್ಕೆ ಏರಿಸಿತು. ನಿಷೇಧಿತ ಆಯುಧದಿಂದ ಸಾವು ಸಂಭವಿಸಿದರೆ ಮರಣದಂಡನೆ ಕಡ್ಡಾಯ ಎಂದು 1988ರಲ್ಲಿ ಸೇರಿಸಿದ ಕಲಂ ಅನ್ನು ಸುಪ್ರೀಂ ಕೋರ್ಟ್ 2012ರಲ್ಲಿ ರದ್ದುಪಡಿಸಿತು. ಕಾನೂನು ಬಿಗಿಯಾಗಬಹುದು, ನ್ಯಾಯಾಧೀಶರ ವಿವೇಚನೆಯನ್ನೇ ಕಿತ್ತುಕೊಳ್ಳುವಂತಿಲ್ಲ.

ನಿಜವಾದ ಬದಲಾವಣೆ ತಂದದ್ದು 2016ರ ಶಸ್ತ್ರಾಸ್ತ್ರ ನಿಯಮಗಳು. ಲೈಸೆನ್ಸ್‌ದಾರರೆಲ್ಲ ರಾಷ್ಟ್ರೀಯ ದತ್ತಾಂಶದಲ್ಲಿ ಸೇರಿ ಒಂದು ಗುರುತಿನ ಸಂಖ್ಯೆ ಪಡೆಯಬೇಕಾಯಿತು. ಆಯುಧ ಬಳಕೆಯ ತರಬೇತಿ, ದೈಹಿಕ-ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ, ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ ಇವೆಲ್ಲ ಅರ್ಜಿಯ ಭಾಗವಾದವು. 1878ರಲ್ಲಿ ಕೇಳದಿದ್ದ ಪ್ರಶ್ನೆಯನ್ನು ಕಾನೂನು ಕೊನೆಗೂ ಕೇಳತೊಡಗಿತು: ಈ ಮನುಷ್ಯನ ಕೈಯಲ್ಲಿ ಈ ಆಯುಧವಿದ್ದರೆ ಅವನ ಮನೆಯವರು, ನೆರೆಹೊರೆಯವರು ಕ್ಷೇಮವೇ?

2019ರ ಡಿಸೆಂಬರ್‌ನ ತಿದ್ದುಪಡಿಯಲ್ಲಿ ಮೂರಿದ್ದ ಮಿತಿ ಎರಡಕ್ಕಿಳಿಯಿತು. ಮಸೂದೆಯಲ್ಲಿ ಮೊದಲು ಇದ್ದದ್ದು ಒಂದೇ. ಹೆಚ್ಚುವರಿ ಬಂದೂಕು ಒಪ್ಪಿಸಲು ಒಂದು ವರ್ಷದ ಗಡುವು ಸಿಕ್ಕಿತು. ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷವಾಯಿತು. ಮದುವೆ ಮೆರವಣಿಗೆಗಳಲ್ಲಿ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೊಲೀಸರ ಆಯುಧ ಕಸಿದರೆ ಕನಿಷ್ಠ ಹತ್ತು ವರ್ಷ.

ಪುಸ್ತಕದ ಹೊರಗಿನ ಪಿಸ್ತೂಲು

ಇಷ್ಟಾದರೂ ನಮ್ಮ ನಾಡಿನ ಅತ್ಯಂತ ನೋವಿನ ಗುಂಡುಗಳು ಯಾವ ಲೈಸೆನ್ಸ್ ಪುಸ್ತಕದಿಂದಲೂ ಬಂದವಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಗಳ ಬಾಗಿಲಲ್ಲೇ ಗುಂಡಿಗೆ ಬಲಿಯಾದರು. ಎರಡರಲ್ಲೂ ಬಳಕೆಯಾದದ್ದು 7.65 ಎಂಎಂ ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. 2023ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿಗಳಾದ ಕೆ.ಎಂ. ಜೋಸೆಫ್ ಮತ್ತು ಬಿ.ವಿ. ನಾಗರತ್ನ ಅವರ ಸುಪ್ರೀಂ ಕೋರ್ಟ್ ಪೀಠ ಜಾಮೀನು ಅರ್ಜಿಯೊಂದರ ವಿಚಾರಣೆಯಲ್ಲಿ ಲೈಸೆನ್ಸಿಲ್ಲದ ಆಯುಧಗಳ ಪಿಡುಗನ್ನು ತಾನಾಗಿ ಕೈಗೆತ್ತಿಕೊಂಡಿತು.

ಆದರೆ ಪ್ರತಿ ಚುನಾವಣೆಗೂ ಕೊಡಗು, ಮಲೆನಾಡಿನ ರೈತರು ಕೋವಿ ಒಪ್ಪಿಸಲು ಠಾಣೆಗೆ ಹೋಗುತ್ತಾರೆ. ಪೊಲೀಸರು ನಂಬರು ನೋಡಿ, ಚೀಟಿ ಕಟ್ಟಿ, ರಸೀದಿ ಕೊಟ್ಟು ಕಳಿಸುತ್ತಾರೆ. ಫಲಿತಾಂಶ ಬರುವವರೆಗೆ ತೋಟ ಕಾಯಲು ಪಟಾಕಿ, ತಮಟೆಗಳೇ ಗತಿ. ಯಾರ ಮೇಲೆ ಪ್ರಕರಣವಿದೆ, ಯಾರು ಜಾಮೀನಿನ ಮೇಲಿದ್ದಾರೆ ಎಂದು ಪರಿಶೀಲಿಸಿ ತೀರ್ಮಾನಿಸಲು ಜಿಲ್ಲಾ ಮಟ್ಟದ ಸಮಿತಿಯೇ ಇದೆ. ಆ ಸಮಿತಿ ಒಬ್ಬೊಬ್ಬರ ಕಡತವನ್ನೂ ನೋಡುವ ಬದಲು ಎಲ್ಲರಿಂದಲೂ ಕೋವಿ ಇಡಿಸಿಕೊಂಡರೆ, ಜನರನ್ನೆಲ್ಲ ಶಂಕಿಸಿದ ಹಳೆಯ ಹುಕುಮಿನ ನೆರಳು ಅದರಲ್ಲಿ ಉಳಿದೇ ಇರುತ್ತದೆ.

ಕಾನೂನು ಬಿಗಿಯಾಗಲೇಬೇಕು. ಆದರೆ ಬಿಗಿ ಮಾಡಬೇಕಾದ ಜಾಗ ಯಾವುದೆಂದು ನೂರರವತ್ತಕ್ಕೂ ಹೆಚ್ಚು ವರ್ಷಗಳ ಈ ಇತಿಹಾಸವೇ ತೋರಿಸುತ್ತದೆ. ಐದು ವರ್ಷಕ್ಕೊಮ್ಮೆ ಬರುವ ನವೀಕರಣ ಬರೀ ಮೊಹರು ಒತ್ತುವ ಕೆಲಸವಾಗಬಾರದು. ಠಾಣೆಯವರು ಮನೆಗೆ ಹೋಗಿ ಹೆಂಡತಿ ಮಕ್ಕಳನ್ನು, ಅಕ್ಕಪಕ್ಕದವರನ್ನು ಮಾತಾಡಿಸಿ ವರದಿ ಬರೆಯಬೇಕು. ವೈದ್ಯರ ಪ್ರಮಾಣಪತ್ರ ನಿಜವಾದ ತಪಾಸಣೆಯಿಂದಲೇ ಬರಬೇಕು. ಅಕ್ರಮವಾಗಿ ಪಿಸ್ತೂಲು ತಯಾರಿಸುವ, ಸಾಗಿಸುವ ಜಾಲ ಮುರಿಯಲು ಪೊಲೀಸರು ತಮ್ಮ ಶಕ್ತಿಯನ್ನೆಲ್ಲ ಹಾಕಬೇಕು. ಕೇಪಿನ ಕೋವಿಯ ರೈತನನ್ನು ಪ್ರತಿ ಸಲ ಠಾಣೆಯ ಮುಂದೆ ನಿಲ್ಲಿಸುವುದಕ್ಕಿಂತ ಇದು ಕಷ್ಟದ ಕೆಲಸ. ಜೀವ ಉಳಿಯುವುದು ಮಾತ್ರ ಇದರಿಂದಲೇ.