ರೇಷ್ಮೆ ಕಾಲುಚೀಲದವರ ಕೋಟೆ

ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಸಿರಿವಂತರ ಬೀದಿ. ಅಲ್ಲಿ 66 ಮತ್ತು 67ನೇ ಅಡ್ಡರಸ್ತೆಗಳ ನಡುವಿನ ಇಡೀ ಚೌಕವನ್ನು ಕೆಂಪು ಇಟ್ಟಿಗೆಯ ಕೋಟೆಯೊಂದು ಆಕ್ರಮಿಸಿಕೊಂಡಿದೆ. ಬುರುಜು, ತೆನೆಗೋಡೆ, ಸಂದಿಯಂಥ ಕಿಟಕಿ, ಆನೆಗೂ ಜಗ್ಗದಂಥ ಬಾಗಿಲು. ಕೋಟೆ ಅಂದಮೇಲೆ ಶತ್ರು ಯಾರು ಅಂತ ಕೇಳಬೇಕಲ್ಲ? ಈ ಕೋಟೆ ಕಟ್ಟಿಸಿದವರು ಹೆದರಿದ್ದು ತಮ್ಮದೇ ಊರಿನ ಜನರಿಗೆ.

ಕಟ್ಟಿಸಿದ್ದು ನ್ಯೂಯಾರ್ಕ್ ಮಿಲಿಷಿಯಾದ 7ನೇ ರೆಜಿಮೆಂಟ್. ಮಿಲಿಷಿಯಾದವರು ಸಂಬಳದ ಸಿಪಾಯಿಗಳಲ್ಲ. ಹಗಲು ತಮ್ಮ ಕಸುಬು, ಬಿಡುವಾದಾಗ ಕವಾಯತು, ಕರೆ ಬಂದರೆ ಬಂದೂಕು. ಈ ರೆಜಿಮೆಂಟಿನಲ್ಲಂತೂ ಇದ್ದವರಲ್ಲಿ ಹಲವರು ದೊಡ್ಡ ಮನೆತನದ ಹುಡುಗರು. ಊರಿನವರು ಅದಕ್ಕೆ ಇಟ್ಟ ಅಡ್ಡಹೆಸರು ‘ರೇಷ್ಮೆ ಕಾಲುಚೀಲದ ರೆಜಿಮೆಂಟ್’. 1824ರಲ್ಲಿ ಫ್ರಾನ್ಸಿನ ಸೇನಾನಿ ಲಫಾಯೆತ್ ನ್ಯೂಯಾರ್ಕಿಗೆ ಬಂದಾಗ, ಆತ ಪ್ಯಾರಿಸ್ಸಿನಲ್ಲಿ ನಡೆಸಿದ್ದ ಪಡೆಯ ಗೌರವಾರ್ಥ ‘ನ್ಯಾಷನಲ್ ಗಾರ್ಡ್’ ಎಂಬ ಹೆಸರನ್ನು ಮೊದಲು ಇಟ್ಟುಕೊಂಡವರು ಇವರೇ. ಮುಂದೆ ಆ ಹೆಸರು ದೇಶದ ಮಿಲಿಷಿಯಾಗಳಿಗೆಲ್ಲ ಅಂಟಿತು.

ಊರಿನ ಜನರ ಬಗೆಗಿನ ಆ ಹೆದರಿಕೆಗೆ ಕಾರಣವಿತ್ತು. 1849ರಲ್ಲಿ ನಗರದ ಆಸ್ಟರ್ ಪ್ಲೇಸ್ ಎಂಬಲ್ಲಿ ಮ್ಯಾಕ್‌ಬೆತ್ ಪಾತ್ರಕ್ಕೆ ಇಂಗ್ಲೆಂಡಿನ ನಟ ಮೇಲೋ ಅಮೆರಿಕದ ನಟ ಮೇಲೋ ಎಂಬ ಜಗಳ ಬೀದಿಗೆ ಬಿತ್ತು. ಜಗಳದ ಹಿಂದೆ ಇದ್ದದ್ದು ಉಳ್ಳವರ ಮೇಲೆ ಇಲ್ಲದವರ ಸಿಟ್ಟು. ಕಲ್ಲು ತೂರಿದ ಗುಂಪಿನ ಮೇಲೆ 7ನೇ ರೆಜಿಮೆಂಟ್ ಗುಂಡು ಹಾರಿಸಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಂತರ್ಯುದ್ಧದ ನಡುವೆ, 1863ರಲ್ಲಿ, ಕಡ್ಡಾಯ ಸೇನಾಭರ್ತಿಯ ವಿರುದ್ಧ ನಗರವೇ ಹೊತ್ತಿ ಉರಿಯಿತು. 300 ಡಾಲರ್ ಕಟ್ಟಿದರೆ ಭರ್ತಿಯಿಂದ ಪಾರಾಗಬಹುದಿತ್ತು. ಅಷ್ಟು ಹಣ ಬಡವನ ಹತ್ತಿರ ಎಲ್ಲಿಂದ ಬರಬೇಕು? ಆ ದಂಗೆ ಅಡಗಿಸಲೂ ಇದೇ ರೆಜಿಮೆಂಟಿಗೆ ಕರೆ ಹೋಯಿತು. 1877ರ ರೈಲ್ವೆ ಮುಷ್ಕರ ದೇಶದ ಧನಿಕರನ್ನು ಇನ್ನಷ್ಟು ನಡುಗಿಸಿತು. ಆಮೇಲೆ ಅಮೆರಿಕದ ನಗರಗಳಲ್ಲಿ ಕೋಟೆಯಂಥ ಶಸ್ತ್ರಾಗಾರಗಳು ಸಾಲುಸಾಲಾಗಿ ಎದ್ದವು. ಪಾರ್ಕ್ ಅವೆನ್ಯೂದ ಈ ಶಸ್ತ್ರಾಗಾರಕ್ಕೆ ಅಡಿಗಲ್ಲು ಬಿದ್ದದ್ದೂ ಅದೇ ವರ್ಷ.

ವಾಸ್ತುಶಿಲ್ಪಿ ಚಾರ್ಲ್ಸ್ ಕ್ಲಿಂಟನ್ ಇದೇ ರೆಜಿಮೆಂಟಿನ ಹಳೆಯ ಯೋಧ. ಹಣ ಬಹುಪಾಲು ಸದಸ್ಯರ, ಅವರ ನೆಂಟರಿಷ್ಟರ ಜೇಬಿನಿಂದಲೇ ಬಂತು. ಆದ್ದರಿಂದಲೇ ಒಳಗೆ ಕಾಲಿಟ್ಟರೆ ಬ್ಯಾರಕ್ಕು ಕಾಣುವುದಿಲ್ಲ, ಕ್ಲಬ್ಬು ಕಾಣುತ್ತದೆ. ಹಳೆಯ ಯೋಧರ ಕೋಣೆ ಮತ್ತು ಗ್ರಂಥಾಲಯವನ್ನು ಸಿಂಗರಿಸಿದ್ದು ಬಣ್ಣದ ಗಾಜಿನ ಕಲೆಗೆ ಹೆಸರಾದ ಲೂಯಿ ಕಂಫರ್ಟ್ ಟಿಫನಿಯ ತಂಡ. ತರುಣ ವಾಸ್ತುಶಿಲ್ಪಿ ಸ್ಟ್ಯಾನ್‌ಫರ್ಡ್ ವೈಟ್ ಕೂಡ ಕೈಜೋಡಿಸಿದ್ದ. ಕೆತ್ತಿದ ಮರ, ಬಣ್ಣದ ಗಾಜು, ಮೆತುಕಬ್ಬಿಣದ ಕುಸುರಿ, ಗ್ರೀಕ್, ಮೂರಿಶ್, ಜಪಾನಿ ಎಲ್ಲವೂ ಒಂದೇ ಕೋಣೆಯಲ್ಲಿ. ನನಗೆ ಇದು ಕೊಂಚ ಅತಿಯಾಯಿತು ಅನಿಸುತ್ತದೆ. ಆದರೆ ಟಿಫನಿ ಅಲಂಕರಿಸಿದ ಒಳಾಂಗಣಗಳಲ್ಲಿ ಇಡಿಯಾಗಿ ಉಳಿದವು ತೀರಾ ಕಡಿಮೆ, ಹಾಗಾಗಿ ದೂರುವ ಮನಸ್ಸಾಗುವುದಿಲ್ಲ. ಆ ತಂಡದ ಲಾಕ್‌ವುಡ್ ಡಿ ಫಾರೆಸ್ಟ್ 1881ರ ಹೊತ್ತಿಗೆ ಅಹಮದಾಬಾದಿಗೆ ಬಂದು, ಹಠೀಸಿಂಗ್ ಮನೆತನದ ಮಗನ್‌ಭಾಯಿಯವರ ಜತೆ ಮರಗೆತ್ತನೆಯ ಕಾರ್ಖಾನೆ ತೆರೆದ. ಗುಜರಾತಿ ಬಡಗಿಗಳ ಕೈಕೆಲಸ ಹಡಗೇರಿ ಅಮೆರಿಕದ ಶ್ರೀಮಂತರ ಮನೆ ಸೇರಿತು.

ಇಷ್ಟಾದರೂ ಕಟ್ಟಡದ ಜೀವ ಇರುವುದು ಹಿಂಭಾಗದ ಕವಾಯತು ಅಂಗಳದಲ್ಲಿ. ಸುಮಾರು 55,000 ಚದರಡಿಯ ನೆಲ, ಸುಮಾರು 80 ಅಡಿ ಎತ್ತರಕ್ಕೆ ಕಮಾನಾಗಿ ಬಾಗಿದ ಕಬ್ಬಿಣದ ತೊಲೆಗಳು, ನಡುವೆ ಒಂದೂ ಕಂಬವಿಲ್ಲ. ಸಾಲುಗಟ್ಟಿದ ಪಡೆ ಒಟ್ಟಿಗೆ ಹೊರಳಬೇಕಾದರೆ ಕಂಬ ಅಡ್ಡ ಬರಬಾರದು, ಅಷ್ಟೇ ಲೆಕ್ಕಾಚಾರ. ಆ ಕಾಲದ ರೈಲು ನಿಲ್ದಾಣಗಳ ತಂತ್ರವನ್ನೇ ಇಲ್ಲಿಗೆ ತಂದರು. ಮುಂದೆ ಇದೇ ನೆಲದಲ್ಲಿ ಟೆನಿಸ್ ಆಡಿದರು, ಪುರಾತನ ವಸ್ತುಗಳ ಮೇಳ ನಡೆಸಿದರು. ಮೇಲಿನ ಅಂತಸ್ತಿನಲ್ಲಿ ಮನೆಯಿಲ್ಲದ ಮಹಿಳೆಯರಿಗೆ ತಂಗುದಾಣವೂ ತೆರೆಯಿತು. ಅಷ್ಟರಲ್ಲಿ ಚಾವಣಿ ಸೋರತೊಡಗಿತ್ತು. 2000ದಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಇದನ್ನು ಜಗತ್ತಿನ ಅಪಾಯದಂಚಿನ ನೂರು ಸ್ಮಾರಕಗಳ ಪಟ್ಟಿಗೆ ಸೇರಿಸಿತು.

2006ರಲ್ಲಿ ಒಂದು ಲಾಭರಹಿತ ಸಂಸ್ಥೆ ಕಟ್ಟಡವನ್ನು ರಾಜ್ಯದಿಂದ 99 ವರ್ಷಕ್ಕೆ ಗುತ್ತಿಗೆ ಹಿಡಿಯಿತು. ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿಗಳಾದ ಹೆರ್ಜಾಗ್ ಮತ್ತು ಡಿ ಮ್ಯೂರೊನ್ ಜೀರ್ಣೋದ್ಧಾರಕ್ಕೆ ಇಳಿದರು. ಕವಾಯತಿನ ಅಂಗಳ ರಂಗಭೂಮಿಯಾಯಿತು. ಮರ್ಸ್ ಕನ್ನಿಂಗ್‌ಹ್ಯಾಮ್ ನೃತ್ಯ ತಂಡ 2011ರ ಡಿಸೆಂಬರಿನಲ್ಲಿ ತನ್ನ ಕೊನೆಯ ಪ್ರದರ್ಶನ ಕೊಟ್ಟದ್ದು ಇಲ್ಲಿ. ಮರುವರ್ಷ ಕಲಾವಿದೆ ಆ್ಯನ್ ಹ್ಯಾಮಿಲ್ಟನ್ ಕಮಾನಿನಿಂದ ಉಯ್ಯಾಲೆಗಳನ್ನು ಇಳಿಬಿಟ್ಟು ಊರವರನ್ನೆಲ್ಲ ತೂಗಿದರು.

ಆದರೆ ಶಸ್ತ್ರಾಗಾರಕ್ಕೆ ಕಲೆ ಮೊದಲು ನುಗ್ಗಿದ್ದು ಇಲ್ಲಲ್ಲ. ದಕ್ಷಿಣಕ್ಕೆ, ಲೆಕ್ಸಿಂಗ್ಟನ್ ಅವೆನ್ಯೂದಲ್ಲಿ 69ನೇ ರೆಜಿಮೆಂಟಿನ ಶಸ್ತ್ರಾಗಾರವಿದೆ. ಅದು ಐರಿಷ್ ವಲಸಿಗರ ಪಡೆ. 1906ರಲ್ಲಿ ಮುಗಿದ ಆ ಕಟ್ಟಡಕ್ಕೆ ತೆನೆಗೋಡೆಯೂ ಇಲ್ಲ, ಟಿಫನಿಯೂ ಇಲ್ಲ. 1913ರಲ್ಲಿ ಅದನ್ನು ಬಾಡಿಗೆಗೆ ಹಿಡಿದ ಕಲಾವಿದರು ಮಾತೀಸ್, ಪಿಕಾಸೊ, ದ್ಯೂಶಾಂ ಇವರ ಕೃತಿಗಳನ್ನು ತಂದು ತೂಗುಹಾಕಿ ಅಮೆರಿಕವನ್ನು ಬೆಚ್ಚಿಬೀಳಿಸಿದರು. ಕಲಾ ಚರಿತ್ರೆಯಲ್ಲಿ ಬರಿದೇ ‘ಆರ್ಮರಿ ಶೋ’, ಅಂದರೆ ಶಸ್ತ್ರಾಗಾರದ ಪ್ರದರ್ಶನ, ಎಂದರೆ ಅದೇ. ರೇಷ್ಮೆ ಕಾಲುಚೀಲದವರ ಅಂಗಳಕ್ಕೆ ಹೊಸ ಕಲೆ ಕಾಲಿಡಲು ಇನ್ನೂ ಸುಮಾರು ಒಂದು ಶತಮಾನ ಹಿಡಿಯಿತು.