ಗಾಜಿನ ಕಣ್ಣು, ಜೀವಂತ ಕಣ್ಣು

ಹೆಸರು ತಿಳಿಯದ ಹಕ್ಕಿಯೊಂದರ ಛಾಯಾಚಿತ್ರ ಎಷ್ಟು ದೊಡ್ಡ ಸುದ್ದಿಯಾಗಬಲ್ಲದು? ಬೋರ್ನಿಯೊ ದ್ವೀಪದಲ್ಲಿ 2020ರಲ್ಲಿ ನಡೆದ ಘಟನೆಯೊಂದು ಇದಕ್ಕೆ ಉತ್ತರ ನೀಡುತ್ತದೆ.

ದ್ವೀಪದ ಇಂಡೋನೇಷ್ಯಾ ಭಾಗದಲ್ಲಿರುವ ದಕ್ಷಿಣ ಕಾಲಿಮಂತಾನ್ ಪ್ರಾಂತ್ಯ. ಅಲ್ಲಿ ಕಾಡುತ್ಪನ್ನ ಸಂಗ್ರಹಿಸಲು ಹೋದ ಇಬ್ಬರು ಸ್ಥಳೀಯರಿಗೆ ತಾವೆಂದೂ ಕಂಡಿರದ ಕಂದು ಹಕ್ಕಿಯೊಂದು ಸಿಕ್ಕಿತು. ಅವರು ಚಿತ್ರ ತೆಗೆದು ಹಕ್ಕಿಯನ್ನು ಹಾರಿಬಿಟ್ಟರು. ಚಿತ್ರವನ್ನು ಪಕ್ಷಿವೀಕ್ಷಕರಿಗೆ ಕಳುಹಿಸಿದರು. ಅದು ನಮ್ಮ ಹರಟೆಮಲ್ಲಗಳ ದೂರದ ನಂಟ, ‘ಬ್ಲ್ಯಾಕ್-ಬ್ರೌಡ್ ಬ್ಯಾಬ್ಲರ್’! 170ಕ್ಕೂ ಹೆಚ್ಚು ವರ್ಷಗಳಿಂದ ಅದನ್ನು ಕಂಡ ದಾಖಲೆಯೇ ಇರಲಿಲ್ಲ. 1840ರ ದಶಕದಲ್ಲಿ ಸಂಗ್ರಹಿಸಿದ ಏಕೈಕ ಮಾದರಿ ನೆದರ್ಲೆಂಡ್ಸ್‌ನ ಲೈಡನ್ ಸಂಗ್ರಹಾಲಯದಲ್ಲಿತ್ತು.

ಆ ಮಾದರಿಗೂ ಚಿತ್ರಕ್ಕೂ ಪೂರ್ಣ ಹೋಲಿಕೆಯಿರಲಿಲ್ಲ. ಮಾದರಿಯ ಕಣ್ಣು ಹಳದಿ, ಚಿತ್ರದಲ್ಲಿದ್ದುದು ಕಡುಗೆಂಪು. ಕೊಕ್ಕು, ಕಾಲುಗಳ ಬಣ್ಣವೂ ಬೇರೆ. ಆದರೆ ಹಳದಿ ಕಣ್ಣು ನಿಜವಾದುದಲ್ಲ, ಚರ್ಮ ಹದಮಾಡಿದವರು ಕೂರಿಸಿದ ಗಾಜು. ಸತ್ತ ಹಕ್ಕಿಯ ಕಣ್ಣು ಉಳಿಯದು. ಕೊಕ್ಕು, ಕಾಲುಗಳ ಬಣ್ಣ ಮಾಸುತ್ತದೆ. ಗರಿಗಳ ವಿನ್ಯಾಸ ಮಾತ್ರ ಬಹುಕಾಲ ಬಾಳುತ್ತದೆ. ಹುಬ್ಬಿನಂತಿದ್ದ ಅಗಲವಾದ ಕಪ್ಪು ಪಟ್ಟಿಯೇ ಇಲ್ಲಿ ಸಾಕ್ಷಿ ನುಡಿಯಿತು.

ಇಂದು ಮೊಬೈಲಿನ ಆ್ಯಪ್ ಕ್ಷಣಮಾತ್ರದಲ್ಲಿ ಹೆಸರು ಸೂಚಿಸುತ್ತದೆ. ಆದರೆ ಅದು ತಾನು ಕಲಿತ ಹೆಸರುಗಳನ್ನಷ್ಟೇ ಹೇಳಬಲ್ಲದು. ಬಣ್ಣವೊಂದನ್ನೇ ನೆಚ್ಚದೆ ಆಕಾರ, ಪಟ್ಟೆ, ತಾಣ, ಋತುಗಳನ್ನು ಕೂಡಿಸಿ ನೋಡುವ ವ್ಯವಧಾನ ನಮಗಿರಬೇಕು. ‘ಗೊತ್ತಿಲ್ಲ’ ಎನ್ನಲು ಸಂಕೋಚವೂ ಸಲ್ಲದು. ಆ ಇಬ್ಬರು ಅಂದು ಕೇಳದೆ ಸುಮ್ಮನಿದ್ದಿದ್ದರೆ, ಅಳಿದೇ ಹೋಗಿರಬಹುದೆಂದು ಭಾವಿಸಿದ್ದ ಹಕ್ಕಿಯೊಂದನ್ನು ಲೋಕ ಇಂದಿಗೂ ಗಾಜಿನ ಕಣ್ಣಿನಿಂದಲೇ ಗುರುತಿಸುತ್ತಿತ್ತು.